ಕೊಸರಿಗೆ ಬಂದ ಮೀನು

ನನಗೆ ಮೀನುಗಳ ಮೇಲೆ ನಂಬಿಕೆ ಇಲ್ಲ. ರೆಪ್ಪೆಯಿಲ್ಲದ ಪ್ರಾಣಿ. ನಿದ್ದೆ ಮಾಡುತ್ತಿದೆಯೋ, ನಮ್ಮನ್ನೇ ನೋಡುತ್ತಿದೆಯೋ, ಪಕ್ಕದ ಮೀನನ್ನು ಮನಸ್ಸಿನಲ್ಲೇ ಅಳೆಯುತ್ತಿದೆಯೋ ಹೇಳುವಂತಿಲ್ಲ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು ಹೀಗೆನ್ನಬಹುದೇ ಎಂದು ನೀವು ಕೇಳಬಹುದು. ಆದರೆ ಕಾಲೇಜಿನಲ್ಲಿ ನಾನು ಕಂಡ ಮೀನುಗಳೆಲ್ಲ ಫಾರ್ಮಲಿನ್ ಸೀಸೆಯೊಳಗೆ ಬೆಳ್ಳಗೆ ನಿಂತಿದ್ದವು. ಸಂಭಾವಿತ ಮೀನುಗಳು. ಒಂದು ಇನ್ನೊಂದರ ತಂಟೆಗೆ ಹೋದದ್ದನ್ನು ನಾನು ಕಾಣೆ.

ಆ ಬಿ.ಎಸ್ಸಿ. ನಮ್ಮ ವಂಶಕ್ಕೇ ಮೊದಲನೆಯದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸೀಮೆಎಣ್ಣೆ ಬುಡ್ಡಿಯ ಹೊಗೆ ಕುಡಿದು ಸಂಪಾದಿಸಿದ್ದು. ಅಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ನೆಲದಡಿಗೆ ಇಳಿದಷ್ಟೂ ನಾನು ಮೇಲಿನ ತರಗತಿಗೆ ಹತ್ತಿದೆ. ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ, ಸ್ಟೇಷನ್ ಹಿಂದೆ ಬಾಡಿಗೆ ಮನೆ ಹಿಡಿದಾಗ ನನಗಿದ್ದದ್ದು ಒಂದೇ ಆಸೆ: ಕೆಲಸ ಬಿಟ್ಟ ಅಪ್ಪನನ್ನು ಗಣಿ ಕೂಲಿಗಳ ಲೈನ್‌ಮನೆಯಿಂದ ಕರೆತಂದು ನನ್ನ ಬಳಿ ಇಟ್ಟುಕೊಳ್ಳುವುದು. ಅಮ್ಮನೊಡನೆ ಬಂದರು. ಆದರೆ ಹಾಸಿಗೆ ಸುರುಳಿಯ ಹಗ್ಗ ಬಿಚ್ಚಲಿಲ್ಲ.

“ಇಲ್ಲಿ ನಂಗೇನಪ್ಪಾ ಕೆಲ್ಸ? ಬರೋ ಸೋಮ್ವಾರ ಓಯ್ತೀನಿ,” ಎನ್ನುವರು. ಲೈನಿನಲ್ಲಿ ಚಿಕ್ಕಪ್ಪ ಇದ್ದ. ಹೋಗುವುದಕ್ಕೆ ಜಾಗವೂ ಇತ್ತು. ಭಾನುವಾರ ಸಂಜೆಯಾದರೆ ನನ್ನ ಕಣ್ಣು ಆ ಹಗ್ಗದ ಗಂಟಿನ ಮೇಲೆಯೇ.

ಹೀಗಿರುವಾಗ ಗಾಜಿನ ತೊಟ್ಟಿ ಬಂತು. ಗಣಿಯ ದೊರೆಯೊಬ್ಬರು ತಮ್ಮ ದೇಶಕ್ಕೆ ಹೊರಟಾಗ, ಅವರ ಬಂಗಲೆಯಲ್ಲಿ ಅಡುಗೆಗಿದ್ದ ನಮ್ಮ ಸೋದರಮಾವನಿಗೆ ಬಿಟ್ಟುಹೋದದ್ದು. ಅಪ್ಪನಿಗೆ ಹೊತ್ತು ಹೋಗಲಿ ಎಂದು ನಾನು ಹೊತ್ತುತಂದೆ. ಜೊತೆಗೊಂದು ಇಂಗ್ಲಿಷ್ ಪುಸ್ತಕವೂ ಇತ್ತು. ಗ್ಯಾಲನ್ ನೀರಿಗೆ ಒಂದು ಅಂಗುಲ ಮೀನು, ಹೆಚ್ಚು ಬಿಟ್ಟರೆ ಉಸಿರು ಕಟ್ಟುತ್ತದೆ ಎಂದಿತ್ತು. ಒಂದೇ ಕೋಣೆಯಲ್ಲಿ ಎಂಟು ಜನರ ನಡುವೆ ಮಗ್ಗುಲು ಬದಲಿಸಲಾಗದೆ ಬೆಳೆದ ನನಗೆ ಮೀನುಗಳ ಮೇಲೆ ಹೊಟ್ಟೆಕಿಚ್ಚಾಯಿತು. ಮುಂದಿನ ಅಧ್ಯಾಯದಲ್ಲಿ ಮೀನುಗಳ ಸಾಲಾವಳಿ: ಯಾವುದು ಸಾಧು, ಯಾವುದು ಇನ್ನೊಂದರ ಬಾಲ ಕಚ್ಚುತ್ತದೆ, ಯಾರಿಗೆ ಯಾರು ಆಗಿಬರುತ್ತಾರೆ. ಕೊನೆಗೆ ಒಂದು ಮಾತು: ಒಂದರ ಬಾಯಿಗೆ ಹಿಡಿಸುವ ಇನ್ನೊಂದನ್ನು ಜೊತೆಗೆ ಬಿಡಬೇಡಿ. ಜಾತಕ ನೋಡುವವರು ಇಷ್ಟು ನೇರವಾಗಿ ಹೇಳಿದ್ದರೆ ಎಷ್ಟೋ ಮದುವೆಗಳು ತಪ್ಪುತ್ತಿದ್ದವು.

ಪುಸ್ತಕದ ಲೆಕ್ಕದಂತೆ ಬೆಂಗಳೂರಿನಿಂದ ಮಡಕೆಯಲ್ಲಿ ನಾಲ್ಕು ಪುಟ್ಟ ಚಿನ್ನದ ಮೀನು ತಂದೆ. ಪ್ಯಾಸೆಂಜರ್ ಗಾಡಿಯಲ್ಲಿ ಅರ್ಧ ನೀರು ನನ್ನ ಪಂಚೆಗೇ ಹೋಯಿತು. ಮನೆಯಲ್ಲಿ ಅಪ್ಪನ ಮೊದಲ ಮಾತು: “ಚಿನ್ನ ಅಂತ ಬಾಯಲ್ಲಿ ಅನ್ಬ್ಯಾಡ ಕಣ್ಲಾ. ಕೆಂಪು ಮೀನು ಅನ್ನು. ಕೇಳ್ದೋರು ಏನಂದ್ಕೊಂಡಾರು.” ಅವರ ಭಯ ಅವರದು. ಪಾಳಿ ಮುಗಿಸಿ ಮೇಲೆ ಬಂದಾಗಲೆಲ್ಲ ಕೂದಲು, ಬಾಯಿ, ಊಟದ ಡಬ್ಬಿ ಎಲ್ಲವನ್ನೂ ತೋರಿಸಿ ಹೊರಬಿದ್ದವರು; ಅನುಮಾನಕ್ಕೆ ಮೈಯೊಡ್ಡಿಯೇ ಆಯಸ್ಸು ಸವೆಸಿದವರು.

ಅಮ್ಮನಿಗೆ ಬೇರೆಯೇ ಚಿಂತೆ. “ಇಷ್ಟು ನೀರ್ಗೆ ನಾಲ್ಕೇನಾ? ಬಿಕೋ ಅಂತೈತೆ,” ಎಂದಳು. ಒಂದು ದಿನ ಸಂತೆಯಿಂದ ಬರುವಾಗ ಚೊಂಬಿನಲ್ಲಿ ಒಂದು ಮೀನಿನ ಮರಿ ತಂದಳು. ಕೆರೆ ಮೀನು ಮಾರುವವಳು ಕೊಂಡದ್ದರ ಮೇಲೆ ಕೊಸರಿಗೆಂದು ಹಾಕಿದ್ದಂತೆ. ನಾನು ಪುಸ್ತಕ ತೆಗೆದೆ. “ಲೈನ್‌ಮನೇಗೆ ನೆಂಟ್ರು ಬಂದ್ರೆ ಯಾವತ್ತಾರ ಜಾಗ ಇಲ್ಲ ಅಂದಿದ್ವೇನೋ?” ಎಂದಳು. ಪುಸ್ತಕ ಮುಚ್ಚಿದೆ. ಮರಿಯೂ ಕಿತ್ತಳೆ ಬಣ್ಣದ್ದೇ. ಇದೂ ಅದೇ ಜಾತಿ ಎಂದು ನಾನು, ಪದವೀಧರ, ತೀರ್ಪು ಕೊಟ್ಟೆ.

ಮೊದಲು ಕಾಣೆಯಾದದ್ದು ಆ ಕೊಸರಿನ ಮರಿಯೇ. ಸತ್ತಿರಬೇಕು ಎಂದುಕೊಂಡೆವು. ಕೆಲವು ವಾರ ಕಳೆದು ಚಿನ್ನದ ಮೀನೊಂದು ಹೋಯಿತು, ಆಮೇಲೆ ಇನ್ನೊಂದು. ಮೂಳೆಯಿಲ್ಲ, ಹುರುಪೆಯಿಲ್ಲ. ಅಮ್ಮನ ಅನುಮಾನ ಪಕ್ಕದ ಮನೆಯ ಬೆಕ್ಕಿನ ಮೇಲೆ. ನನ್ನ ಹೆಂಡತಿ ಕಮಲಳದು, ಬಾಯಿಬಿಟ್ಟು ಹೇಳದಿದ್ದರೂ, ಅಮ್ಮನ ಸಾರಿನ ಪಾತ್ರೆಯ ಮೇಲೆ. ನನ್ನದು ಬೆಕ್ಕನ್ನೂ ಸೇರಿಸಿ ಮೂವರ ಮೇಲೆ.

ಅಪ್ಪ ಮಾತ್ರ ಸ್ಟೂಲು ಎಳೆದು ತೊಟ್ಟಿಯ ಮುಂದೆ ಕೂತರು. “ಕಳ್ಳ ಒಳಗಿನೋನೇ,” ಎಂದರು. ಅಂದಿನಿಂದ ಬಾಗಿಲಲ್ಲಿ ಚೆಕ್ಕಿಂಗ್ ಶುರುವಾಯಿತು. ಕಮಲಳ ತರಕಾರಿ ಚೀಲ, ಅಮ್ಮನ ಎಲೆಅಡಿಕೆ ಸಂಚಿ, ನನ್ನ ಊಟದ ಡಬ್ಬಿ, ಯಾವುದಕ್ಕೂ ವಿನಾಯಿತಿ ಇಲ್ಲ.

“ಗಣೀಲಿ ಇವರ್ನ ಜಾಲಾಡಿದ್ರಲ್ಲ, ಆ ಬಡ್ಡೀನೆಲ್ಲಾ ನಮ್ ಮೇಲೆ ತೀರಿಸ್ಕೊಳ್ತಾವ್ರೆ,” ಎಂದಳು ಅಮ್ಮ.

“ಬಾಯಿ ತೆಗಿ, ನೋಡಾನ,” ಎಂದರು ಅಪ್ಪ.

ಆ ಸೋಮವಾರ ಅವರು ಹೊರಡುವ ಮಾತೆತ್ತಲಿಲ್ಲ. ಮುಂದಿನ ಸೋಮವಾರವೂ.

ಒಂದು ಭಾನುವಾರ ಮಧ್ಯಾಹ್ನ ನಾನು ತೊಟ್ಟಿಯ ಬಳಿ ನಿಂತಿದ್ದೆ. ರೈಲು ಹಾದು ನೀರು ನಡುಗಿತು. ತಳದ ಕಲ್ಲಿನ ಅಡಿಯಿಂದ ಕಲ್ಲಿನದೇ ಬಣ್ಣದ ಒಂದು ತಲೆ ಈಚೆ ಬಂತು, ಬಾಯಿ ತೆರೆಯಿತು, ಒಂದು ಚಿನ್ನದ ಮೀನು ಇಲ್ಲವಾಯಿತು. ಪಕ್ಕೆಯ ಮೇಲೆ ಕಿತ್ತಳೆಯ ಮಾಸಿದ ಗೆರೆ ಇನ್ನೂ ಇತ್ತು. ಕೊಸರಿನ ಮರಿ ಸತ್ತಿರಲಿಲ್ಲ; ಬೆಳೆದು ಬಣ್ಣ ಬಿಟ್ಟಿತ್ತು. ಸಂತೆಯಲ್ಲಿ ಬಾನಿಯೊಳಗೆ ಜೀವಂತ ಮಾರುತ್ತಾರಲ್ಲ, ಆ ಕೊರಮೀನು. ಮೀನು ತಿಂದೇ ಬದುಕುವ ಮೀನು.

“ಅಪ್ಪಾ” ಎಂದು ಕೂಗಲು ಬಾಯಿ ತೆರೆದವನು ಮುಚ್ಚಿದೆ. ಕಳ್ಳ ಸಿಕ್ಕಿದರೆ ಕಾವಲುಗಾರನಿಗೇನು ಕೆಲಸ? ನಾಳೆ ಸೋಮವಾರ. ತಿರುಗಿದರೆ ಅಪ್ಪ ಸ್ಟೂಲಿನ ಮೇಲೆಯೇ ಇದ್ದರು, ಕಣ್ಣು ತೊಟ್ಟಿಯ ಮೇಲೆಯೇ.

“ಏನಾರ ಕಾಣ್ತೇನ್ಲಾ?”

“ಇಲ್ಲಪ್ಪ.”

“ನಂಗೂ ಏನೂ ಕಾಣ್ಲಿಲ್ಲ,” ಎಂದರು. ಸ್ವಲ್ಪ ಬೇಗನೇ ಎಂದರು.

ಅಂದಿನಿಂದ ನನಗೆ ಅಪ್ಪನ ಮೇಲೆ ಅನುಮಾನ. ಅವರಿಗೆ ನನ್ನ ಮೇಲೆ ಇದ್ದರೂ ಇದ್ದೀತು. ಮುಂದಿನ ವಾರ ನಾನು ಮತ್ತೆ ಮಡಕೆ ಹಿಡಿದು ಬೆಂಗಳೂರಿಗೆ ಹೋಗಿ ಎರಡು ಮೀನು ತಂದು ಬಿಟ್ಟೆ. ಪುಸ್ತಕದ ಪ್ರಕಾರ ಶುದ್ಧ ಅವಿವೇಕ. ಆದರೆ ಒಬ್ಬ ತಂದೆಯನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಲು ಎಷ್ಟು ಗ್ಯಾಲನ್‌ಗೆ ಎಷ್ಟು ಅಂಗುಲ ಬೇಕು ಎಂಬುದನ್ನು ಆ ಪುಸ್ತಕ ಬರೆದವನು ಯೋಚಿಸಿರಲಿಲ್ಲ.

ಈಗ ತೊಟ್ಟಿಯಲ್ಲಿರುವುದು ಒಂದೇ ಮೀನು. ಕಲ್ಲಿಗಿಂತ ದೊಡ್ಡದಾಗಿದೆ, ಅವಿತುಕೊಳ್ಳಲು ಅದಕ್ಕೇ ಜಾಗವಿಲ್ಲ. ಮನೆಯವರೆಲ್ಲ ದಿನವೂ ನೋಡುತ್ತೇವೆ, ಯಾರೂ ಮಾತೆತ್ತುವುದಿಲ್ಲ. ಹಾಸಿಗೆಯ ಹಗ್ಗ ಹಿತ್ತಿಲಲ್ಲಿ ಬಟ್ಟೆ ಒಣಗಿಸುವುದಕ್ಕೆ ಹೋಗಿದೆ. ಅಪ್ಪ ಸ್ಟೂಲು ಬಿಟ್ಟಿಲ್ಲ.

ಬೆಳಿಗ್ಗೆ ನಾನು ಸ್ಕೂಲಿಗೆ ಹೊರಟಾಗ ಕೈ ಎತ್ತಿಸುತ್ತಾರೆ. ಭುಜ, ಪಕ್ಕೆ, ಜೇಬು, ಎಲ್ಲ ತಡವುತ್ತಾರೆ. ಬುದ್ಧಿ ಬಂದಮೇಲೆ ಅಪ್ಪ ನನ್ನ ಮೈ ಮುಟ್ಟಿದ್ದು ನನಗೆ ನೆನಪಿಲ್ಲ. ನಮ್ಮಲ್ಲಿ ಆ ವಾಡಿಕೆಯೂ ಇಲ್ಲ. “ಏನೂ ಇಲ್ಲ, ಓಗು,” ಎಂದು ಬೇಗ ಬಿಟ್ಟುಬಿಡುತ್ತಿದ್ದರು. ಅದಕ್ಕೇ ಈಚೆಗೆ, ಒಂದಿಷ್ಟು ಅನುಮಾನ ಬರಲಿ ಎಂದು, ಒಳಜೇಬಿನಲ್ಲಿ ಸೀಮೆಸುಣ್ಣದ ಒಂದು ತುಂಡು ಇಟ್ಟುಕೊಂಡೇ ಹೊರಡುತ್ತೇನೆ.