ದುರ್ಗಪ್ಪ ಮಿಸ್ತ್ರಿಯ ಮುಹೂರ್ತ

ದುರ್ಗಪ್ಪ ಮಿಸ್ತ್ರಿ ಸುಳ್ಳು ಹೇಳುವಾಗ ಮೂಗು ಒರೆಸಿಕೊಳ್ಳುತ್ತಿದ್ದ. ಕೈಗೆ ಸದಾ ಗ್ರೀಸು ಮೆತ್ತಿರುತ್ತಿದ್ದುದರಿಂದ ಒಂದೊಂದು ಸುಳ್ಳಿಗೂ ಮೂಗಿನ ತುದಿ ಇನ್ನಷ್ಟು ಕಪ್ಪಾಗುತ್ತಿತ್ತು. ಬೆಳಗ್ಗೆ ಸ್ವಚ್ಛ ಮೂಗಿನಿಂದ ಗ್ಯಾರೇಜಿನ ಬಾಗಿಲು ತೆಗೆದವನು ಸಂಜೆ ಹಂಡೆಯ ತಳದಂಥ ಮೂಗು ಹೊತ್ತು ಮನೆಗೆ ಹೋಗುತ್ತಿದ್ದ. ಈ ಗುಟ್ಟು ಇಡೀ ಬೈಲಹೊಂಗಲದಲ್ಲಿ ಗೊತ್ತಿದ್ದದ್ದು ಇಬ್ಬರಿಗೇ: ಅವನ ಹೆಂಡತಿ ಯಲ್ಲವ್ವನಿಗೆ ಮತ್ತು ನನಗೆ.

ಎಪ್ಪತ್ತರ ದಶಕದ ಆರಂಭ ಅದು. ನಾನು ಅಲ್ಲಿ ಒಂದು ಹತ್ತಿ ಜಿನ್ನಿನಲ್ಲಿ ಗುಮಾಸ್ತ. ನನ್ನ ಬಾಡಿಗೆ ಖೋಲಿಯ ಎದುರಿಗೇ ಅವನ ಗ್ಯಾರೇಜು. ಗ್ಯಾರೇಜು ಅಂದರೆ ನಾಲ್ಕು ತಗಡು, ಒಂದು ಬೇವಿನ ಮರ, ಮತ್ತು ದುರ್ಗಪ್ಪನ ಬಾಯಿ. ವಿನಯ ಅವನಿಗೆ ಗೊತ್ತೇ ಇರಲಿಲ್ಲ. "ನನ್ನಂಥಾ ಮಿಸ್ತ್ರಿ ಧಾರವಾಡದಾಗೂ ಇಲ್ಲ. ಇದ್ದರ, ಅವಗ ನಾನ ಕಲಿಸಿರತೇನಿ" ಅನ್ನುತ್ತಿದ್ದ.

ಗಡಿಬಿಡಿ ಮಾಡುವ ಗಿರಾಕಿಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಒಬ್ಬ ವಕೀಲರು ಪಕ್ಕದಲ್ಲೇ ನಿಂತು "ಆತೇನು? ಆತೇನು?" ಎಂದು ಪ್ರಾಣ ತಿನ್ನುತ್ತಿದ್ದರು. ದುರ್ಗಪ್ಪ ಒಂದು ತುಕ್ಕು ಹಿಡಿದ ಬೋಲ್ಟನ್ನು ಅವರ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಚಿದ. "ವಕೀಲರ, ಇದನ್ನ ಗಟ್ಟ್ಯಾಗಿ ಹಿಡ್ಕೊಂಡ ಕುಂದರ್ರಿ. ಸಡ್ಲ ಬಿಟ್ಟರ ಇಂಜಿನ್ನಿನ ಗಾಳಿ ಹೋಗತೈತಿ" ಅಂದ. ಆಮೇಲೆ ಮೂಗು ಒರೆಸಿಕೊಂಡ. ವಕೀಲರು ಕೆಲಸ ಮುಗಿಯುವತನಕ ಬೋಲ್ಟನ್ನು ದೇವರ ಪ್ರಸಾದದ ಹಾಗೆ ಹಿಡಿದು ತೆಪ್ಪಗೆ ಕುಳಿತರು. ಅದು ಯಾವುದೋ ಹಳೇ ಎತ್ತಿನ ಚಕ್ಕಡಿಯ ಬೋಲ್ಟು.

ಇಂಜಿನ್ನಿನ ಟೈಮಿಂಗ್ ಅಂದರೇನೆಂದು ನಾನು ಕಲಿತದ್ದು ಇವನಿಂದಲೇ. ಒಂದು ಮಧ್ಯಾಹ್ನ, ಬಿಚ್ಚಿಟ್ಟ ಇಂಜಿನ್ನಿನ ಮುಂದೆ ನನ್ನನ್ನು ಕೂಡಿಸಿಕೊಂಡು ಮೇಲೊಂದು ಕೆಳಗೊಂದು ಇದ್ದ ಹಲ್ಲಿನ ಗಾಲಿಗಳನ್ನೂ ಅವೆರಡನ್ನೂ ಸುತ್ತಿದ್ದ ಸರಪಳಿಯನ್ನೂ ತೋರಿಸಿದ. "ಕೆಳಗಿಂದು ಗಂಡ, ಮ್ಯಾಲಿಂದು ಹೆಂಡ್ತಿ. ಗಂಡ ಎರಡ ಸುತ್ತ ಓಡ್ಯಾಡಿದ್ರ ಹೆಂಡ್ತಿ ಒಂದ ಸುತ್ತ. ಖರೆ ಬಾಗಲಾ, ಅಂದ್ರ ವಾಲ್ವ, ತಗಿಯಾಕಿ ಆಕೀನ, ಹಾಕಾಕಿನೂ ಆಕೀನ. ಗಂಡ ಬರೂ ಹೊತ್ತಿಗೆ ಬಾಗಲಾ ತಗದ್ರ ಸಂಸಾರ. ಒಂದ ಹಲ್ಲ ಹೆಚ್ಚುಕಡಿಮಿ ಆತೋ, ಢಂ!" ಎಂದು ನಟ್ಟು ಬಿಗಿಯುವ ಪಾನಾದಿಂದ ತಗಡಿಗೆ ಬಾರಿಸಿದ. ಮರದ ಮೇಲಿನ ಕಾಗೆಗಳು ಹಾರಿಹೋದವು.

ಅದೇ ವರ್ಷ ನನಗೆ ಹೆಣ್ಣು ನೋಡಲು ರಾಮದುರ್ಗಕ್ಕೆ ಹೋಗುವುದೆಂದಾಯಿತು. ಅದಕ್ಕೂ ಮೊದಲು ಎರಡು ಕಡೆ ನನ್ನನ್ನು ಬೇಡವೆಂದಿದ್ದರು, ಹೀಗಾಗಿ ಅವ್ವನಿಗೆ ಜೀವ ಕೈಯಲ್ಲಿತ್ತು. ಹುಡುಗಿಯ ತಂದೆ ಹೆಡ್‌ಮಾಸ್ತರರು. ತಡವಾಗಿ ಬಂದ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸುವವರೆಂದು ಹೆಸರಾದವರು. ನಾಲ್ಕರೊಳಗೆ ಬನ್ನಿ ಎಂದು ಹೇಳಿ ಕಳಿಸಿದ್ದರು.

ಕಾರು ನನ್ನ ಸೋದರಮಾವ ಮಲ್ಲಪ್ಪನದು. ಹತ್ತಿಯ ದಲಾಲಿ ಮಾಡುತ್ತಿದ್ದ ಮಾವ ಆಗಷ್ಟೇ ಧೋತರ ಬಿಟ್ಟು ಟೆರಿಲಿನ್ ಪ್ಯಾಂಟಿಗೆ ಬಂದಿದ್ದ. ಅದರ ಮೇಲೆ ಹಿತ್ತಾಳೆ ಬಕಲಿನ ಅಗಲವಾದ ಚರ್ಮದ ಬೆಲ್ಟು. ಅವನ ಡ್ರೈವರ್ ಊರಿಗೆ ಹೋಗಿದ್ದರಿಂದ ದುರ್ಗಪ್ಪನೇ ಗಾಡಿ ನಡೆಸಲು ಬಂದ. ಹಿಂದಿನ ಸೀಟಿನಲ್ಲಿ ನಾನು, ಮತ್ತು ಅರಿಸಿನ ಕುಂಕುಮದ ತಾಟು ತೊಡೆಯ ಮೇಲಿಟ್ಟುಕೊಂಡ ಅವ್ವ. ಹೊರಟಲ್ಲಿಂದ ಮಾವನ ಬೈಗುಳ ನಿಲ್ಲಲಿಲ್ಲ. ತಗ್ಗಿನಲ್ಲಿ ಇಳಿಸಿದರೆ ಕಣ್ಣು ಕಾಣುವುದಿಲ್ಲವೇ ಎಂದು, ತಪ್ಪಿಸಿದರೆ ಹೊಲದೊಳಗೆ ಒಯ್ಯುತ್ತೀಯಾ ಎಂದು. ದುರ್ಗಪ್ಪ "ಹೌದ್ರಿ ಸಾವ್ಕಾರ್ರ" ಅನ್ನುತ್ತಲೇ ಇದ್ದ. ಅಷ್ಟು ಸೌಮ್ಯವಾದ ದುರ್ಗಪ್ಪನನ್ನು ನಾನು ಕಂಡಿರಲಿಲ್ಲ. ನನಗೆ ಹೆದರಿಕೆಯಾಯಿತು.

ಮುನವಳ್ಳಿ ದಾಟಿ ಸ್ವಲ್ಪ ದೂರ ಹೋಗಿರಬೇಕು. ಕಾರು ಕೆಮ್ಮಿತು, ಸೀನಿತು, ಹಿಂದಿನಿಂದ ಒಂದು ದೊಡ್ಡ ಸದ್ದು ಮಾಡಿ ನಿಂತುಬಿಟ್ಟಿತು. ದುರ್ಗಪ್ಪ ಮುಂದಿನ ಭಾಗವನ್ನೆಲ್ಲ ಬಿಚ್ಚಿ ನೋಡಿದ. ಸರಪಳಿಯನ್ನು ಬಿಗಿಹಿಡಿಯುವ ಸ್ಪ್ರಿಂಗು ಜಾರಿ, ಸರಪಳಿ ಹಲ್ಲು ಬಿಟ್ಟಿತ್ತು. ಅದನ್ನು ಪೂರಾ ತೆಗೆದು ಹೊಸದಾಗಿ ಕೂಡಿಸಬೇಕು. ಎರಡು ಗಾಲಿಗಳಲ್ಲೂ ಒಂದೊಂದು ಚುಕ್ಕಿ ಹೊಡೆದಿರುತ್ತಾರೆ, ಅವು ಎದುರುಬದುರು ಬಂದಾಗಲೇ ಸರಪಳಿ ಹಾಕಬೇಕು. ಆದರೆ ಆ ಹಳೇ ಗಾಡಿಯಲ್ಲಿ ಚುಕ್ಕಿಗಳು ಸವೆದು, ಬೆರಳಿಗೆ ಸಿಕ್ಕರೂ ಕಣ್ಣಿಗೆ ಕಾಣುತ್ತಿರಲಿಲ್ಲ.

"ಅವ್ವಾರ, ಒಂದಿಷ್ಟ ಕುಂಕುಮ ಕೊಡ್ರಿ" ಅಂದ.

ಅವ್ವ ತಾಟನ್ನು ಎದೆಗೆ ಒತ್ತಿಕೊಂಡಳು. "ಅದು ಹುಡಿಗೀಗೆ ಹಚ್ಚೂದೋ ಮಾರಾಯಾ!"

"ಮೊದಲ ಈಕಿಗೆ ಹಚ್ರಿ. ಈಕಿ ಒಪ್ಪಿದರ ಅಲ್ಲಿ ಆಕಿ."

ಅವ್ವ ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ, ಅವನು ಬೆರಳಿಟ್ಟು ತೋರಿಸಿದ ಎರಡೂ ಚುಕ್ಕಿಗಳಿಗೆ ತಾನೇ ಕುಂಕುಮ ಹಚ್ಚಿದಳು. ಎಣ್ಣೆಯ ಮೇಲೆ ಅದು ಚೆಂದ ಹತ್ತಿಕೊಂಡಿತು.

"ಲಗೂ ಮುಗಸೋ, ಹೊತ್ತು ಮೀರಾಕತ್ತೈತಿ" ಎಂದು ಮಾವ ಗದರಿದ. ದುರ್ಗಪ್ಪ ಲಗುಬಗೆಯಿಂದ ಸರಪಳಿ ಏರಿಸಿ ಹ್ಯಾಂಡಲ್ ಹೊಡೆದ. ಢಂ! ದಾರಿಯಲ್ಲಿ ಹೋಗುತ್ತಿದ್ದ ಕುರಿಗಳು ದಿಕ್ಕಾಪಾಲಾದವು. ಕುರುಬ ನಮ್ಮ ವಂಶವನ್ನೆಲ್ಲ ನೆನೆದ. ಒಂದು ಹಲ್ಲು ತಪ್ಪಿತ್ತು. ಕೈಯಿಂದ ಎರಡು ಸುತ್ತು ತಿರುವಿ, ಚುಕ್ಕಿಗಳು ಮತ್ತೆ ಎದುರಾಗುತ್ತವೋ ಇಲ್ಲವೋ ನೋಡಿಕೊಳ್ಳುವುದನ್ನೇ ಅವನು ಬಿಟ್ಟಿದ್ದ.

"ತಪ್ಪ ನಂದಲ್ರಿ. ಮುಹೂರ್ತದಾಗ ಗಡಿಬಿಡಿ ಮಾಡಿದಾವ್ರದು" ಅಂದ, ಮಾವನ ಕಡೆ ನೋಡದೆ. ಮತ್ತೆ ಎಲ್ಲ ಬಿಚ್ಚಿದ. ಈ ಸಲ ಸರಪಳಿ ಹಾಕಿ, ನಿಧಾನವಾಗಿ ಕೈಯಿಂದ ತಿರುವಿದ. ಎರಡು ಕೆಂಪು ಬೊಟ್ಟುಗಳು ದೂರ ಹೋಗಿ, ಸುತ್ತಿ ಬಂದು, ಒಂದಕ್ಕೊಂದು ಮುಖ ಕೊಟ್ಟು ನಿಂತವು. ಅವ್ವ ತನಗರಿವಿಲ್ಲದೆ ಕೈಮುಗಿದಳು.

ಮುಚ್ಚಳ, ರೇಡಿಯೇಟರ್ ಎಲ್ಲ ಕೂಡಿಸಿದ ಮೇಲೆ ದುರ್ಗಪ್ಪ ಎದ್ದುನಿಂತ. "ಸಾವ್ಕಾರ್ರ, ನಿಮ್ಮ ಬೆಲ್ಟ ಬೇಕ್ರಿ. ರೇಡಿಯೇಟರ್ ಅಳ್ಳಾಡತೈತಿ, ಬಿಗೀಬೇಕು. ಇಲ್ಲಂದ್ರ ರಾಮದುರ್ಗ ಕಾಣೂದಿಲ್ಲ." ಹೇಳಿ, ಮೂಗು ಒರೆಸಿಕೊಂಡ. ನಾನು ನೋಡಿದೆ. ಅವನೂ ನಾನು ನೋಡಿದ್ದನ್ನು ನೋಡಿದ. ಮಾವ ಗೊಣಗುತ್ತ ಬೆಲ್ಟು ಬಿಚ್ಚಿಕೊಟ್ಟ.

ಹುಡುಗಿಯ ಮನೆ ಮುಟ್ಟಿದಾಗ ಹೆಡ್‌ಮಾಸ್ತರರು ಕಟ್ಟೆಯ ಮೇಲೆ ಗಡಿಯಾರ ನೋಡುತ್ತ ನಿಂತಿದ್ದರು. ಮಾವ ಬಲಗೈಯಿಂದ ನಮಸ್ಕಾರ ಮಾಡಿದ, ಜಾರುವ ಪ್ಯಾಂಟು ಹಿಡಿದಿದ್ದ ಎಡಗೈ ಸೊಂಟ ಬಿಡುವಂತಿರಲಿಲ್ಲ. "ಹೊಟ್ಟಿ ನೋವೇನ್ರಿ?" ಎಂದು ಅವರು ಕೇಳಿದರು. ಮಾವ ಹೌದೆಂದ. ಪಾಪ, ಅವನಿಗೆ ಅವಲಕ್ಕಿ ಬರಲಿಲ್ಲ, ಓಂಕಾಳಿನ ಕಷಾಯ ಬಂತು.

"ಇಷ್ಟ ತಡಾ ಯಾಕಾತು?" ಹೆಡ್‌ಮಾಸ್ತರರ ಪ್ರಶ್ನೆ ನೇರವಾಗಿ ನನಗೇ ಬಂತು.

"ಟೈಮಿಂಗ್ ಚೈನ್ ಜಾರಿತ್ರಿ."

"ಹಂಗಂದ್ರೇನು? ತಿಳಿಸಿ ಹೇಳ್ರಿ."

ನನಗೆ ಗೊತ್ತಿದ್ದದ್ದು ದುರ್ಗಪ್ಪನ ಪಾಠ ಒಂದೇ. ಬೇರೆ ಮಾತು ಹುಡುಕಿದೆ, ಸಿಗಲಿಲ್ಲ. ಕಣ್ಣು ಮುಚ್ಚಿ ಒಪ್ಪಿಸಿಬಿಟ್ಟೆ: ಕೆಳಗಿಂದು ಗಂಡ, ಮೇಲಿಂದು ಹೆಂಡತಿ, ಗಂಡ ಎರಡು ಸುತ್ತು ಓಡಾಡಿದರೂ ಬಾಗಿಲು ತೆಗೆಯುವವಳು ಅವಳೇ. ಮುಗಿಸಿ ಕಣ್ಣು ಬಿಟ್ಟೆ. ಅವ್ವ ನೆಲ ನೋಡುತ್ತಿದ್ದಳು. ಮೂರನೆಯದೂ ಹೋಯಿತೆಂದುಕೊಂಡೆ.

ಆಗ ಒಳಮನೆಯ ಬಾಗಿಲ ಹಿಂದಿನಿಂದ ಒಂದು ನಗೆ ಕೇಳಿತು. ಸೆರಗಿನಲ್ಲಿ ಮುಚ್ಚಿಟ್ಟರೂ ನಿಲ್ಲದ ನಗೆ. ಅವಳೇ ಶಾಂತಾ. "ಬಾಗಲಾ ತಗಿಯಾಕಿ ಆಕೀನ ಅಂತ ನಮ್ಮಪ್ಪನ ಮುಂದ ಒಪ್ಕೊಂಡ ಗಂಡಸು ನೀವ ಮೊದಲನೇದಾವ್ರು. ಅದಕ್ಕ ಹೂಂ ಅಂದೆ" ಎಂದು ಮದುವೆಯಾದ ಮೇಲೆ ಹೇಳಿದಳು.

ಬೈಲಹೊಂಗಲಕ್ಕೆ ಮರಳಿದ ಮೇಲೆ ದುರ್ಗಪ್ಪ ಬೆಲ್ಟು ಬಿಚ್ಚಿ, ಒರೆಸಿ, ಎರಡೂ ಕೈಯಿಂದ ಮಾವನಿಗೆ ಒಪ್ಪಿಸಿದ. ರೇಡಿಯೇಟರ್ ಕೂದಲೆಳೆಯಷ್ಟೂ ಅಲುಗಾಡಲಿಲ್ಲ. ಮಾವ ಅದನ್ನು ಬಹಳ ಹೊತ್ತು ನೋಡಿದ.

ಮದುವೆಯ ದಿನ ದುರ್ಗಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಹಂದರದ ಹೊರಗೇ ನಿಂತ. ಅವನ ಕೇರಿಯವರಿಗೆ ಊಟ ಕೊನೆಗೆ, ಅದೂ ಹೊರಗೆ, ಅನ್ನುವ ರೂಢಿ ಆಗ ನಮ್ಮಲ್ಲಿತ್ತು. ಅವನಿಗೆ ಅದು ಗೊತ್ತಿತ್ತು, ನಮಗೂ ಗೊತ್ತಿತ್ತು. ಅವ್ವ ಹೋಗಿ ಅವನ ಕೈ ಹಿಡಿದು ಕರೆತಂದಳು. "ಇಂಜಿನ್ನಿಗೆ ನನ್ನ ಕಡಿಂದ ಕುಂಕುಮ ಹಚ್ಚಿಸಿದಾಂವ ಇಂವ. ಇಂವಾ ಉಣ್ಣದ ಪಂಕ್ತಿ ಏಳೂದಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮೊದಲ ಪಂಕ್ತಿಯಲ್ಲಿ ಮಾವನ ಪಕ್ಕಕ್ಕೇ ಕೂಡಿಸಿದಳು. ಇಬ್ಬರು ಎದ್ದುಹೋದರು. ಮಾವನೂ ಏಳಲು ಅರ್ಧ ಮಂಡಿಯೂರಿದ್ದ. ಅಷ್ಟರಲ್ಲಿ ದುರ್ಗಪ್ಪ ಅವನ ಕಿವಿಯ ಹತ್ತಿರ ಬಾಗಿದ. "ಸಾವ್ಕಾರ್ರ, ಇವತ್ತ ಬೆಲ್ಟ ಕೇಳೂದಿಲ್ಲ. ಹೊಟ್ಟಿ ತುಂಬ ಉಣ್ರಿ." ಮಾವ ನಕ್ಕುಬಿಟ್ಟ. ನಕ್ಕವನು ಎದ್ದು ಹೋಗುವುದು ಹೇಗೆ? ಕುಳಿತ.

ದಶಕ ಮುಗಿಯುವ ಹೊತ್ತಿಗೆ ದುರ್ಗಪ್ಪನಿಗೆ ಸಾಂಗ್ಲಿ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೋದವನು ತಿರುಗಿ ಬರಲಿಲ್ಲ. ಅಲ್ಲೇ ಕಾಮಾಲೆಯಾಗಿ ತೀರಿಕೊಂಡನೆಂದು ಯಲ್ಲವ್ವನ ತಮ್ಮ ಬಂದು ಹೇಳಿದಾಗ ಎಲ್ಲ ಮುಗಿದು ತಿಂಗಳಾಗಿತ್ತು. ಹೀಗಾಗಿ ನನಗೆ ಉಳಿದಿರುವುದು ಅವನು ಊರು ಬಿಟ್ಟ ಬೆಳಗು.

ಬಸ್‌ಸ್ಟ್ಯಾಂಡಿಗೆ ನಾನು ಕಳಿಸಲು ಹೋಗಿದ್ದೆ. ಹೋಟೆಲಿನಲ್ಲಿ ಚಹಾ ಕುಡಿದೆವು. ಏನೇನೋ ಮಾತಾಡಬೇಕೆಂದು ಹೋದವನು ಹವೆಯ ಬಗ್ಗೆ, ಬಸ್ಸಿನ ಗದ್ದಲದ ಬಗ್ಗೆ ಮಾತಾಡಿದೆ. ಬಸ್ಸು ಬಂತು. ಅವನು ಟ್ರಂಕು ಏರಿಸಿ, ಹತ್ತಿ, ಕಿಟಕಿಯ ಪಕ್ಕ ಕುಳಿತ. ಕಂಡಕ್ಟರ್ ಸೀಟಿ ಊದಿದ. ದುರ್ಗಪ್ಪ ಒಮ್ಮೆಲೆ ಎದ್ದು, ಡ್ರೈವರನ ಹತ್ತಿರ ಹೋಗಿ ಏನೋ ಹೇಳಿ ಕೆಳಗಿಳಿದ. ಡ್ರೈವರನೂ ಪಾನಾ ಹಿಡಿದು ಗಾಬರಿಯಿಂದ ಇಳಿದು ಹಿಂದಿನ ಗಾಲಿಯ ಕಡೆ ಓಡಿದ. ಮಂದಿಯೆಲ್ಲ ಗೊಣಗುತ್ತ ಇಳಿದರು.

"ಏನಾತೋ ಮಿಸ್ತ್ರಿ?" ಅಂದೆ.

"ಗಾಲಿ ನಟ್ಟ ಸಡ್ಲ ಅದಾವು ಅಂತ ಹೇಳೇನಿ. ಏನೂ ಆಗಿಲ್ಲ, ಗಟ್ಟಿ ಅದಾವು." ಹೆಗಲ ಮೇಲೆ ಕೈ ಹಾಕಿ ನನ್ನನ್ನು ಮತ್ತೆ ಹೋಟೆಲಿನ ಕಡೆ ತಿರುಗಿಸಿದ. "ಬರ್ರಿ, ಅಂವ ಎಲ್ಲಾ ನೋಡೂತನಾ ಇನ್ನೊಂದ ಕಪ್ ಚಹಾ ಆಕ್ಕೈತಿ."