ಶಾರ್ಟಿಗಾಗಿ ಬರೆದ ಅರ್ಜಿ

ಯುದ್ಧದ ವಿಷಯ ನನಗೆ ಹೆಚ್ಚು ತಿಳಿಯದು. ಹೇಳುವುದರಲ್ಲಿ ತಪ್ಪಿದ್ದರೆ ಓದುಗರು ಮನ್ನಿಸಬೇಕು. ಕಳೆದ ವಾರ ಸಿಡ್ನಿಯ ನಮ್ಮ ಮನೆಯ ಮುಂದೆ ನೀರಿನ ಕೊಳವೆ ಹಾಕಲು ಎದೆಮಟ್ಟದ ಕಾಲುವೆ ತೋಡಿದ್ದರು. ಅದರೊಳಗಿನ ಹಸಿ ಜೇಡಿಮಣ್ಣಿನ ವಾಸನೆಗೆ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಸ್ಟ್ರೇಲಿಯನ್ ತಾತ ನೆನಪಾದರು... ಆ ವಾಸನೆ ಅವರಿಗೆ ಆಗುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ತಾತನಿಗೆ ತೊಂಬತ್ತು ದಾಟಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನ ಕಂದಕಗಳಲ್ಲಿ ಹೋರಾಡಿದ್ದರು. ಅಲ್ಲಿ ಯಾರನ್ನೂ ಹೆತ್ತವರಿಟ್ಟ ಹೆಸರಿನಿಂದ ಕರೆಯುತ್ತಿರಲಿಲ್ಲವಂತೆ. ಅಡ್ಡಹೆಸರುಗಳೂ ತಮಾಷೆಗೆ ತಿರುವುಮುರುವು: ಕೆಂಪು ಕೂದಲಿನವನು ಬ್ಲೂಯಿ, ಅಂದರೆ ನೀಲಿಯವನು; ಆರಡಿ ಮೀರಿದವನು ಶಾರ್ಟಿ, ಅಂದರೆ ಕುಳ್ಳ. ಆ ಶಾರ್ಟಿ ಬಂದು ಸೇರಿದ ನಾಲ್ಕನೆಯ ದಿನವೇ ಶೆಲ್ ಬಿದ್ದು ಕಂದಕದ ಗೋಡೆ ಅವನ ಮೇಲೆ ಕುಸಿಯಿತು. ತಾತ ಬರಿಗೈಯಲ್ಲಿ ಮಣ್ಣು ಬಗೆದರೂ ಅವನು ಸಿಗಲಿಲ್ಲ. ಅವನ ನಿಜವಾದ ಹೆಸರು ತಿಳಿದು, ಮಡಿದವರ ಹೆಸರು ಕೆತ್ತಿದ ಯುದ್ಧಸ್ಮಾರಕದ ಗೋಡೆಯ ಮೇಲೆ ಅದನ್ನೊಮ್ಮೆ ಮುಟ್ಟಿ ಸಾಯಬೇಕೆಂಬುದೊಂದೇ ಅವರ ಆಸೆಯಾಗಿತ್ತು.

ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವಳು ನಾನು. ನೆಂಟರಿಷ್ಟರ ಅರ್ಜಿಗಳನ್ನೆಲ್ಲ ನಾನೇ ಬರೆದುಕೊಡುತ್ತಿದ್ದೆ. ಅದನ್ನು ತಿಳಿದ ತಾತ ನನ್ನನ್ನೂ ಬಿಡದೆ ‘ಪ್ರೊಫೆಸರ್’ ಎಂದು ಅಡ್ಡಹೆಸರಿಟ್ಟು, ಸೈನಿಕರ ದಾಖಲೆಗಳ ಕಚೇರಿಗೆ ಕಾಗದ ಬರೆಯುವಂತೆ ಕೇಳಿಕೊಂಡರು.

“ಶಾರ್ಟಿ ಅಂತಲೇ ಬರಿ ಪ್ರೊಫೆಸರ್. ನನಗೆ ಗೊತ್ತಿರೋದು ಅಷ್ಟೇ.”

ಸರ್ಕಾರಿ ಅರ್ಜಿಯಲ್ಲಿ ಅಡ್ಡಹೆಸರು ಬರೆಯುವುದು ಅಗೌರವವೆಂದೇ ನಾನು ಕಲಿತಿದ್ದೆ. ‘ಎತ್ತರದ ನಿಲುವಿನ ಓರ್ವ ಸೈನಿಕ’ ಎಂದಷ್ಟೇ ಟೈಪ್ ಮಾಡಿದೆ. ತಾತನ ಕಣ್ಣು ಮಂಜಾಗಿತ್ತು. ಬರೆದೆಯಾ ಎಂದು ಕೇಳಿದರು; ಬರೆದೆ ಎಂದೆ. ನಾನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದರು.

ಇಷ್ಟು ವಿವರದಿಂದ ಹುಡುಕಲಾಗದು ಎಂದು ಉತ್ತರ ಬಂತು. ಅದನ್ನು ತಾತನಿಗೆ ಓದಿ ಹೇಳಿದೆ.

“ಹಾಗಾದ್ರೆ ಅವನು ಮಣ್ಣಲ್ಲೇ ಇರ್ತಾನೆ ಬಿಡು” ಎಂದರು.

ಆಗಲೂ ನಾನು ನಿಜ ಹೇಳಲಿಲ್ಲ... ಆ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಬಳಿಕ ಮನಸ್ಸು ತಡೆಯದೆ, ಅಡ್ಡಹೆಸರನ್ನು ಸೇರಿಸಿ ಇನ್ನೊಂದು ಕಾಗದ ಬರೆದೆ. ಮೂರೇ ವಾರಗಳಲ್ಲಿ ಶಾರ್ಟಿಯ ಪೂರ್ತಿ ಹೆಸರು ಬಂತು. ಸತ್ತವರ ಬಗ್ಗೆ ಜೊತೆಗಾರರು ಅಂದು ಕೊಟ್ಟಿದ್ದ ಹೇಳಿಕೆಗಳ ತುಂಬ ಅಡ್ಡಹೆಸರುಗಳೇ ಇದ್ದವಂತೆ. ನಮ್ಮ ಯಜಮಾನರು ಆ ಉತ್ತರವನ್ನು ಓದಿ ನೋಡಿದರು.

“ಆ ಒಂದು ಪದ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಕಾಗದ ಮಡಿಸಿಟ್ಟು, ಟೈಪ್‌ರೈಟರಿನ ಮೇಲೆ ಮುಚ್ಚಳ ಹಾಕಿದೆ.

ತೊಂಬತ್ತರ ದಶಕದ ಮೊದಲಲ್ಲಿ ನಾವು ಸಿಡ್ನಿಗೆ ಬಂದೆವು. ಆ ಎರಡನೆಯ ಕಾಗದದ ಬಳಿಕ ನಾನು ಯಾರಿಗೂ ಅರ್ಜಿ ಬರೆದುಕೊಟ್ಟಿಲ್ಲ. ಊರಿನಲ್ಲಿದ್ದ ನನ್ನ ತಮ್ಮ ಇಲ್ಲಿ ಕಾಯಂ ನೆಲೆಸಲು ಬೇಕಾದ ಪಿಆರ್ ಕಾಗದಗಳಿಗಾಗಿ ಎರಡು ವರ್ಷ ಕೇಳಿದ, ಕೈ ಹಾಕಲಿಲ್ಲ. ಅವನು ಇಲ್ಲಿಗೆ ಬರಲಿಲ್ಲ, ನನ್ನೊಡನೆ ಮಾತೂ ಬಿಟ್ಟ.