ಅಪ್ಪನ ಕತ್ತಿಯ ಹಡಗು

ಅಪ್ಪನ ಕ್ಷೌರದ ಕತ್ತಿಯ ಅಲಗಿನ ಮೇಲೆ ಮೂರು ಹಾಯಿಪಟದ ಒಂದು ಹಡಗಿದೆ. ರಾಯಪುರಂನ ಹಳೇ ಸಾಮಾನಿನ ಅಂಗಡಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಕತ್ತಿ ಅದು. ನಾನು ಹುಟ್ಟುವ ಮೊದಲಿನಿಂದಲೂ ಅವರು ಗಡ್ಡ ತೆಗೆದುಕೊಳ್ಳುವುದು ಅದರಲ್ಲೇ.

ಹಡಗನ್ನು ಆಸಿಡ್ಡಿನಿಂದ ಕೊರೆದಿದ್ದಾರೆ, ಆಳ ಕೂದಲೆಳೆಯಷ್ಟೂ ಇಲ್ಲ. ಅವಸರದವನು ಪೇಸ್ಟ್ ಹಚ್ಚಿ ಗಸಗಸ ತಿಕ್ಕಿದರೆ ಕತ್ತಿ ಥಳಥಳಿಸುತ್ತದೆ, ಹಡಗು ಮುಳುಗಿರುತ್ತದೆ. ಅಪ್ಪ ನನಗೆ ಕಲಿಸಿದ ಕ್ರಮ ಬೇರೆ. ಮೊದಲು ಗಾಜಿನ ಲೋಟದ ಅಂಚಿಗೆ ಅಲಗನ್ನು ನಾಲ್ಕು ಸಲ ಎಳೆದು ಮೊಂಡು ಮಾಡಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಆಮೇಲೆ ದೇವರ ಜಗಲಿಯ ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ, ಎಣ್ಣೆಯಲ್ಲಿ ಕಲಸಿ, ಬೆರಳ ತುದಿಯಿಂದ ಉದ್ದಕ್ಕೆ ಮಾತ್ರ ಉಜ್ಜಬೇಕು. ಚಿತ್ರದ ಮೇಲೆ ಬರೀ ಹತ್ತಿ. ಕಡೆಗೆ ಮಸೆಗಲ್ಲಿನ ಮೇಲೆ ಹರಿತ ಮರಳಿ ತರಬೇಕು.

ಒಂದು ವರ್ಷದಿಂದ ಅಪ್ಪನ ಬಲಗೈ ನಡುಗುತ್ತದೆ. ಅವರು ಒಪ್ಪುವುದಿಲ್ಲ. ಕಾಫಿ ಚೆಲ್ಲಿದರೆ ಅವ್ವ ಲೋಟ ತುಂಬಿಸಿದ್ದು ಜಾಸ್ತಿ, ಸಹಿ ಸೊಟ್ಟಗಾದರೆ ಪೆನ್ನು ಸರಿಯಿಲ್ಲ. ನಾನು ತಂದುಕೊಟ್ಟ ಎಲೆಕ್ಟ್ರಿಕ್ ಶೇವರ್ ಇನ್ನೂ ಡಬ್ಬಿಯಲ್ಲೇ ಇದೆ. ಹೋದ ತಿಂಗಳು ಗಂಟಲಿನ ಹತ್ತಿರ ಗಾಯ ಕಂಡು ಅವ್ವ ಕೇಳಿದಳು. ಅಪ್ಪ ಅದನ್ನು ಸೊಳ್ಳೆಯ ಮೇಲೆ ಹಾಕಿದರು, ಅದೂ ತಮಿಳಿನಲ್ಲಿ, ಕೊಸು ಎಂದು. ಸುಳ್ಳು ಹೇಳುವಾಗ ಅಪ್ಪನಿಗೆ ಈ ಊರಿನ ತಮಿಳು ಒದಗಿ ಬರುತ್ತದೆ. ಮರುದಿನವೇ ಕತ್ತಿಯನ್ನು ನನ್ನ ಕೈಗಿಟ್ಟು, ಪಾಲಿಶ್ ಮಾಡಿಕೊಡು, ಹಡಗಿನ ಒಂದು ಹಗ್ಗವೂ ಅಳಿಸಬಾರದು ಎಂದರು.

ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು. "ತಿಕ್ಕಿ ಕೊಡು, ಸಾಕು. ಮಸೆಗಲ್ಲಿಗೆ ಹಚ್ಚಬ್ಯಾಡ."

ಹಾಗೇ ಮಾಡಿದೆ. ಎರಡು ಭಾನುವಾರ ಹಿಡಿಯಿತು. ಹಗ್ಗಗಳು ಒಂದೊಂದೂ ಉಳಿದವು. ಮಸೆಗಲ್ಲಿಗೆ ಒಣಬಟ್ಟೆ ಸುತ್ತಿ ನನ್ನ ಮೇಜಿನ ತಳದ ಡ್ರಾಯರಿನಲ್ಲಿ ಬಚ್ಚಿಟ್ಟೆ. ಅಪ್ಪನಿಗೆ ನಾನು ಮಾಡಿದ ಮೊದಲ ಮೋಸ ಅದು, ಕತ್ತಿ ಕೊಡುವಾಗ ಅವರ ಮುಖ ನೋಡಲಾಗಲಿಲ್ಲ.

ಅಪ್ಪ ಕನ್ನಡಕ ಏರಿಸಿ ಹಡಗನ್ನಷ್ಟೇ ನೋಡಿದರು. ಮುಂಗೈ ಕೂದಲ ಮೇಲೆ ಅಲಗು ಆಡಿಸಿ ಹರಿತ ನೋಡುವುದು ಅವರ ಹಳೆಯ ಅಭ್ಯಾಸ, ಅಂದು ನೋಡಲಿಲ್ಲ. ಬಚ್ಚಲಿಗೆ ಹೋಗಿ ಹೊರಬಂದಾಗ ಹಚ್ಚಿಕೊಂಡ ನೊರೆ ಹೋಗಿತ್ತು, ಬಿಳಿ ಗಡ್ಡ ಹಾಗೇ ಇತ್ತು. ಗಲ್ಲ ಸವರಿಕೊಂಡು ತಿಂಡಿಗೆ ಕೂತರು. ಇವರಿಗೆ ಇಷ್ಟೂ ತಿಳಿಯದಾಯಿತೇ ಎಂದು ನನಗೆ ಸಮಾಧಾನಕ್ಕಿಂತ ಸಂಕಟವೇ ಹೆಚ್ಚಾಯಿತು.

ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಪೆರುಂಗುಡಿಯ ಆಫೀಸಿಗೆ ಹೊರಡುವ ಮುನ್ನ ಚಾರ್ಜರ್ ಹುಡುಕುತ್ತ ಆ ಡ್ರಾಯರ್ ಎಳೆದೆ. ಮಸೆಗಲ್ಲು ಒದ್ದೆಯಾಗಿತ್ತು. ಸುತ್ತಿದ್ದ ಬಟ್ಟೆ, ಅಪ್ಪ ಪಂಚೆ ಮಡಚುವ ಹಾಗೆ ನೀಟಾಗಿ ಮಡಚಿ, ಪಕ್ಕದಲ್ಲಿತ್ತು.

ಬಚ್ಚಲಿಗೆ ಓಡಿದೆ. ಒಳಗಿನಿಂದ ಚಿಲಕ ಹಾಕಿತ್ತು. ನಲ್ಲಿಯ ಸದ್ದೂ ಇಲ್ಲ. ಅವ್ವ ಸೆರಗು ಬಾಯಿಗೊತ್ತಿಕೊಂಡು ಬಂದು ನಿಂತಳು. ಬಾಗಿಲು ತಟ್ಟಿ, ಅಪ್ಪಾ ಎಂದು ಕರೆದೆ.

ಒಳಗಿನಿಂದ ಮೆಲ್ಲಗೆ ದನಿ ಬಂತು. "ಸುಮ್ನಿರು. ಮಾತಾಡಸಬ್ಯಾಡ. ಕೈ ನಡಗ್ತೈತಿ."